ಸುಮ್ಮನಾಲಿಕೆಯ ಘಾಟಿ

ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿಯ ಕಡೆಗೆ ರಸ್ತೆ ಮೇಲೇರತೊಡಗಿತೆಂದರೆ ಎಫ್‌ಎಂಗೆ ಉಸಿರು ಕಟ್ಟುತ್ತದೆ. ಒಂದು ತಿರುವಿನಲ್ಲಿ ಪಲ್ಲವಿ ಸ್ವಚ್ಛವಾಗಿ ಕೇಳುತ್ತದೆ, ಮುಂದಿನ ತಿರುವಿಗೆ ಚರಣವೆಲ್ಲ ಗುಡ್ಡದ ಆಚೆಯೇ ಉಳಿದು, ಅದರಾಚೆಗಿನ ತಿರುವಿನಲ್ಲಿ ಹಾಡಿನ ಬಾಲವಷ್ಟೇ ಕೈಗೆ ಸಿಗುತ್ತದೆ. ಮೀಡಿಯಂ ವೇವ್ ಹಾಗೆ ಕೈಬಿಡುವುದಿಲ್ಲ. ಗೊರಗೊರ ಅನ್ನುತ್ತ, ಕೆಮ್ಮುತ್ತ, ನಡುನಡುವೆ ದನಿ ತಗ್ಗಿಸುತ್ತ ಜೊತೆಗೇ ಘಾಟಿ ಹತ್ತುತ್ತದೆ. ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 444 ಮೀಟರು. ಅದೇ ಕೇಂದ್ರದ 103.5 ಮೆಗಾಹರ್ಟ್ಸ್ ಎಫ್‌ಎಂ ಅಲೆ ಮೂರು ಮೀಟರಿಗೂ ಕಮ್ಮಿ. ಮೂರು ಮೀಟರಿನ ಅಲೆಗೆ ಗುಡ್ಡದ ಭುಜ ಅಡ್ಡ ಬಂದರೆ ದಾರಿ ಅಲ್ಲಿಗೆ ಮುಗಿಯಿತು. ನಾನೂರು ಮೀಟರಿನದು ನೆಲ ಹಿಡಿದು, ಗುಡ್ಡ ಬಳಸಿ, ನಿಧಾನವಾಗಿ ಬಂದೇ ಬರುತ್ತದೆ. ನಮ್ಮ ಹಳೆಯ ಅಂಬಾಸಡರ್ ಏರುವುದೂ ಅದೇ ಚಾಳಿಯಲ್ಲಿ. ಎರಡನೇ ಗೇರಿನಲ್ಲಿ, ಕಿಟಕಿ ಇಳಿಸಿಕೊಂಡು, ಯಾರು ಮುಂದೆ ಹೋದರೂ ಹೋಗಲಿ ಎಂದು ದಾರಿ ಬಿಟ್ಟುಕೊಡುತ್ತ.

ಇಂಥ ದಾರಿಯಲ್ಲಿ, ಇಂಥ ಗಾಡಿಯಲ್ಲಿ ರೇಡಿಯೋ ಕೇಳುವುದಕ್ಕೆ ನಾನೊಂದು ಹೆಸರಿಟ್ಟುಕೊಂಡಿದ್ದೇನೆ, ಸುಮ್ಮನಾಲಿಕೆ ಅಂತ. ಬೇಕೆಂದು ಹುಡುಕಿ ಕೇಳುವ ಹಾಡಿಗೆ ಈ ಹೆಸರು ಒಪ್ಪುವುದಿಲ್ಲ. ಅಡಿಕೆ ಧಾರಣೆ, ಪ್ರದೇಶ ಸಮಾಚಾರ, ಯಾರೋ ತಜ್ಞರು ತೆಂಗಿನ ನುಸಿರೋಗದ ಬಗ್ಗೆ ಆಡುವ ನಿಧಾನದ ಮಾತು, ಅದು ಮುಗಿಯುವಷ್ಟರಲ್ಲಿ ಎಲ್ಲಿಂದಲೋ ಒಂದು ಭಾವಗೀತೆ. ತೆಂಗಿನ ಮರವೇ ಇಲ್ಲದವರಿಗೆ ನುಸಿರೋಗದ ಸುದ್ದಿಯಿಂದ ಆಗಬೇಕಾದ್ದೇನೂ ಇಲ್ಲ. ಆದರೂ ಹೊರಗೆ ಸಿಲ್ವರ್ ಓಕ್ ಮರಗಳು ಮಂಜಿನಲ್ಲಿ ಅರ್ಧರ್ಧ ಕಾಣುತ್ತಿರುವಾಗ, ಬೇವಿನ ಹಿಂಡಿ ಎಷ್ಟು ಹಾಕಬೇಕೆಂದು ಒಬ್ಬರು ಅಕ್ಕರೆಯಿಂದ ಹೇಳುವುದನ್ನು ಕೇಳುತ್ತ ಕೂರುವುದರಲ್ಲಿ ಒಂದು ಸುಖವಿದೆ. ಹಿಂದೆ ಈ ಸುಖಕ್ಕೂ ಸರ್ಕಾರದ ಅಪ್ಪಣೆ ಬೇಕಿತ್ತು. 1980ರ ದಶಕದವರೆಗೆ ರೇಡಿಯೋ ಇಟ್ಟುಕೊಂಡವರು ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಶುಲ್ಕ ಕಟ್ಟಿ, ಪುಸ್ತಕಕ್ಕೆ ಚೀಟಿ ಅಂಟಿಸಿಕೊಂಡು ಬರುತ್ತಿದ್ದರು.

ಕಾರಿನೊಳಕ್ಕೆ ರೇಡಿಯೋ ಬಂದು ಸೇರಿದ್ದು ಸುಲಭದಲ್ಲಿ ಆದ ಕೆಲಸವಲ್ಲ. ಅಮೆರಿಕದಲ್ಲಿ ಗ್ಯಾಲ್ವಿನ್ ಸೋದರರು 1930ರಲ್ಲಿ ಮಾರುಕಟ್ಟೆಗೆ ತಂದ ಸೆಟ್ಟಿಗೆ ಮೋಟೊರೋಲಾ ಎಂದು ಹೆಸರಿಟ್ಟರು, ಆಮೇಲೆ ಕಂಪನಿಗೇ ಆ ಹೆಸರಾಯಿತು. 1932ರಲ್ಲಿ ಜರ್ಮನಿಯ ಬ್ಲಾಪುಂಕ್ಟ್ ಯುರೋಪಿಗೆ ಮೊದಲ ಕಾರ್ ರೇಡಿಯೋ ಕೊಟ್ಟಿತು. ನಮ್ಮ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ಒಂದು ಸಣ್ಣ ಪ್ರಸಾರ ಕೇಂದ್ರ ಶುರುಮಾಡಿದ್ದು 1935ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆಂದು ಈ ಘಾಟಿಯ ಮೇಲಿನ ಕೆಮ್ಮಣ್ಣುಗುಂಡಿಗೆ ಬರುತ್ತಿದ್ದ ಕಾಲವೂ ಅದರ ಆಸುಪಾಸಿನದೇ.

ಆ ಕಾಲದ ಕಾರ್ ಸೆಟ್ಟುಗಳಿಗೆ ವಾಲ್ವುಗಳು. ವಾಲ್ವಿಗೆ ಇನ್ನೂರಕ್ಕೂ ಮೇಲ್ಪಟ್ಟ ವೋಲ್ಟ್ ಬೇಕು, ಕಾರಿನ ಬ್ಯಾಟರಿಯಲ್ಲಿರುವುದು ಆರು, ಇಲ್ಲವೇ ಹನ್ನೆರಡು. ನಡುವಿನ ಕಂದಕ ದಾಟಿಸಲು ವೈಬ್ರೇಟರ್ ಎಂಬ ಪುಟ್ಟ ಡಬ್ಬಿಯೊಂದು ಇರುತ್ತಿತ್ತು. ಅದರೊಳಗಿನ ಎಲೆಯಂಥ ಲೋಹದ ನಾಲಗೆ ಸೆಕೆಂಡಿಗೆ ನೂರು ಸಲದ ಆಸುಪಾಸಿನಲ್ಲಿ ಆ ಕಡೆ ಈ ಕಡೆ ಬಡಿದು, ಬ್ಯಾಟರಿಯ ನೇರ ಪ್ರವಾಹವನ್ನು ಕತ್ತರಿಸಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತದೆ. ಸ್ವಿಚ್ ತಿರುಗಿಸಿದರೆ ಮೊದಲು ಕೇಳುವುದು ಅದರದೇ ದನಿ, ಬೆಂಕಿಪೊಟ್ಟಣದೊಳಗೆ ಹಿಡಿದಿಟ್ಟ ಜೀರುಂಡೆಯ ಹಾಗೆ. ವಾಲ್ವು ಕಾದ ಮೇಲೆ, ಅಂದರೆ ಗಾಡಿ ಗೇಟು ದಾಟಿ ಟಾರು ರಸ್ತೆಗೆ ಬರುವಷ್ಟರಲ್ಲಿ, ಜೀರುಂಡೆಯ ಹಿಂದಿನಿಂದ ಮನುಷ್ಯರ ಮಾತು ಮೆಲ್ಲಗೆ ಎದ್ದು ಬರುತ್ತದೆ. ಟ್ರಾನ್ಸಿಸ್ಟರ್ ಬಂದು ಈ ಕಾಯುವಿಕೆಯನ್ನೆಲ್ಲ ತೆಗೆದುಹಾಕಿತು. ಒಳ್ಳೆಯದೇ ಆಯಿತು, ಬ್ಯಾಟರಿ ಬದುಕಿಕೊಂಡಿತು.

ಆದರೆ ನನಗೆ ಕಾರ್ ರೇಡಿಯೋದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಬೇರೆ. ಮನೆಯ ರೇಡಿಯೋದಲ್ಲಿ ಸ್ಟೇಷನ್ ಹಿಡಿಯಲು ತಿರುಗುವ ರೆಕ್ಕೆಗಳ ಗ್ಯಾಂಗ್ ಕಂಡೆನ್ಸರ್ ಇರುತ್ತದೆ. ರಸ್ತೆಯ ಕುಲುಕಿಗೆ ಆ ರೆಕ್ಕೆಗಳು ಅದುರಿದರೆ ಸ್ಟೇಷನ್ನೂ ಅದುರೀತು. ಅದಕ್ಕೇ ಅನೇಕ ಕಾರ್ ಸೆಟ್ಟುಗಳಲ್ಲಿ ತಂತಿಸುರುಳಿಯೊಳಗೆ ಒಂದು ಕಡ್ಡಿ ಹಿಂದೆ ಮುಂದೆ ಸರಿಯುವ ಏರ್ಪಾಡು. ಮುಚ್ಚಳ ತೆಗೆದು, ಬಲಗಡೆಯ ಗುಂಡಿ ತಿರುಗಿಸುತ್ತ ನೋಡಬೇಕು. ಸಾಲಾಗಿ ಮೂರು ಸುರುಳಿ, ಬೆರಳಿಗಿಂತ ಸಣ್ಣ ಮೂರು ಕಡ್ಡಿಗಳು, ಒಂದೇ ತಗಡಿಗೆ ಬಿಗಿದುಕೊಂಡು ಏಕಕಾಲಕ್ಕೆ ಒಳಗೆ ಹೋಗಿ ಹೊರಗೆ ಬರುತ್ತವೆ. ಕಡ್ಡಿ ಪೂರ್ತಿ ಒಳಗೆ ಹೋದಾಗ ಮುಳ್ಳು 55ರ ಹತ್ತಿರ, ಪೂರ್ತಿ ಹೊರಗೆ ಬಂದಾಗ 160ರ ಕಡೆ. ಜಾಗ ಸಾಲದೆಂದು ಡಯಲ್ಲಿನಲ್ಲಿ ಕೊನೆಯ ಸೊನ್ನೆ ಬಿಟ್ಟಿರುತ್ತಾರೆ, ಹಾಗಾಗಿ ನಮ್ಮ ಭದ್ರಾವತಿ 65 ಮತ್ತು 70ರ ನಡುವೆ, ಅಂಕಿಯಿಲ್ಲದ ಖಾಲಿಯಲ್ಲಿ ಕೂತಿರುತ್ತದೆ. ಆ ಕಡ್ಡಿಗಳನ್ನು ಮಾಡಿರುವುದು ಕಬ್ಬಿಣದ ನಯವಾದ ಪುಡಿಯಿಂದ.

ಕಬ್ಬಿಣದ ಪುಡಿ ಎಂದ ಕೂಡಲೇ ನನ್ನ ಮನಸ್ಸು ಕಿಟಕಿಯಾಚೆ ಜಿಗಿಯುತ್ತದೆ. ಕೆಮ್ಮಣ್ಣುಗುಂಡಿಯ ಅದಿರನ್ನು ಹಗ್ಗದ ದಾರಿಯ ತೊಟ್ಟಿಲುಗಳಲ್ಲಿ ಬೆಟ್ಟದಿಂದ ಇಳಿಸಿ ಭದ್ರಾವತಿಗೆ ಸಾಗಿಸುತ್ತಿದ್ದರು. 1923ರಲ್ಲಿ ಅಲ್ಲಿ ಕುಲುಮೆ ಹೊತ್ತಿದಾಗ ಅದಕ್ಕೆ ಉಣಿಸಿದ್ದು ಈ ಬೆಟ್ಟಗಳ ಅದಿರು, ಈ ಕಾಡುಗಳ ಇದ್ದಿಲು. ಅದೇ ಭದ್ರಾವತಿಯಲ್ಲಿ 1965ರಲ್ಲಿ ಆಕಾಶವಾಣಿ ಶುರುವಾಯಿತು. ಅಲ್ಲಿಂದ ಹೊರಟ ದನಿ ಬೆಟ್ಟಕ್ಕೆ ಬಂದು, ಕಾರಿನೊಳಗೆ ಕಬ್ಬಿಣದ ಪುಡಿಯ ಕಡ್ಡಿಯನ್ನೇ ಹುಡುಕಿಕೊಳ್ಳುತ್ತದೆ. ಸ್ಪೀಕರಿನ ಬೆನ್ನಿಗಂಟಿದ ಕಪ್ಪು ಫೆರೈಟ್ ಅಯಸ್ಕಾಂತದಲ್ಲೂ ಕಬ್ಬಿಣದ ಆಕ್ಸೈಡೇ. ಆಮೇಲೆ ಬಂದ ಕ್ಯಾಸೆಟ್ ಟೇಪಿನ ಕಂದು ಲೇಪವೂ ಕಬ್ಬಿಣದ ಆಕ್ಸೈಡೇ, ಮಳೆಗಾಲದಲ್ಲಿ ಚಕ್ರಕ್ಕೆ ಮೆತ್ತಿಕೊಳ್ಳುವ ಈ ಕೆಂಪು ಕೆಸರಿನ ದಾಯಾದಿ. ನಮ್ಮ ಗಾಡಿಯ ಕಡ್ಡಿಯಲ್ಲಿ ಈ ಬೆಟ್ಟದ ಒಂದು ಕಣವಾದರೂ ಇದೆಯೆಂದು ನಾನು ಹೇಳುವುದಿಲ್ಲ. ಬಂಧುತ್ವ ನೆನೆಸಿಕೊಳ್ಳಲು ಒಂದೇ ಮನೆಯಲ್ಲಿ ಹುಟ್ಟಿರಬೇಕಾದ್ದಿಲ್ಲ.

ಇನ್ನು ಸೆಟ್ಟನ್ನು ಗಾಡಿಯಲ್ಲಿ ಕೂರಿಸುವ ಕೆಲಸ. ಮೊದಲು ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂದು ನೋಡಬೇಕು. ಅಂಬಾಸಡರಿನಂಥ ಮಾರಿಸ್ ವಂಶದ ಹಳೆಯ ಗಾಡಿಗಳಲ್ಲಿ ಪಾಸಿಟಿವ್ ತುದಿಯನ್ನು ಅರ್ತ್ ಮಾಡಿರುತ್ತಾರೆ, ಈಗಿನ ಸೆಟ್ಟುಗಳೆಲ್ಲ ನೆಗೆಟಿವ್ ಅರ್ತಿನವು. ನೋಡದೆ ಜೋಡಿಸಿದರೆ ಹೊಗೆ. ಆಮೇಲೆ ಏರಿಯಲ್. ಮಡ್‌ಗಾರ್ಡಿಗೆ ತೂತು ಹಾಕಿ, ತೂತಿನ ಅಡಿಯ ಬಣ್ಣವನ್ನು ಬರಿಯ ಲೋಹ ಹೊಳೆಯುವವರೆಗೆ ಕೆರೆಯಬೇಕು, ಏರಿಯಲ್ಲಿನ ಬುಡ ತಗಡನ್ನು ಕಚ್ಚಿ ಹಿಡಿದರೇನೇ ಅರ್ತ್. ಕೆರೆದು ಬಿಟ್ಟರೆ ಒಂದೇ ಮಳೆಗಾಲಕ್ಕೆ ಆ ಉಂಗುರದ ಜಾಗದಲ್ಲಿ ತುಕ್ಕು ಏಳುತ್ತದೆ. ಅದೂ ಕೆಮ್ಮಣ್ಣಿನ ಬಣ್ಣದ್ದೇ. ಬೆಟ್ಟ ತನ್ನದನ್ನು ತಾನು ಕೇಳಿ ಪಡೆಯುತ್ತಿರುವಂತೆ ತೋರಿದರೂ ಗ್ರೀಸು ಬಳಿಯದೆ ಬೇರೆ ದಾರಿಯಿಲ್ಲ.

ಎಂಜಿನ್ ಆರಿಸಿ ಕೇಳಿದರೆ ಎಲ್ಲವೂ ಚೆಂದ. ಸ್ಟಾರ್ಟ್ ಮಾಡಿದ ಕ್ಷಣ ಬಾನೆಟ್ಟಿನೊಳಗಿನ ಸಂಸಾರವೆಲ್ಲ ಸ್ಪೀಕರಿಗೆ ಬರುತ್ತದೆ. ಹಳೆಯ ಗಾಡಿಯ ರೇಡಿಯೋ ಕೆಲಸದಲ್ಲಿ ನಿಜವಾದ ರುಚಿ ಇರುವುದು ಇಲ್ಲಿ. ಟಿಕ್ ಟಿಕ್ ಎಂದು ಶುರುವಾಗಿ, ಆಕ್ಸಿಲರೇಟರ್ ಒತ್ತಿದಷ್ಟೂ ಟಿರ್ರನೆ ಚುರುಕಾಗುವುದು ಇಗ್ನಿಷನ್ನಿನ ಕಿಡಿ. ಶ್ರುತಿ ಏರಿಸುತ್ತ, ಮೂಗಿನಲ್ಲಿ ಕೊರಗುತ್ತ ಬರುವುದು ಡೈನಮೋ. ಲೆಕ್ಕಾಚಾರವಿಲ್ಲದೆ, ಗುಂಡಿ ಬಿದ್ದಾಗಷ್ಟೇ ಚಟಚಟ ಎನ್ನುವುದು ಎಲ್ಲೋ ಸಡಿಲವಾದ ಅರ್ತ್. ಮಳೆ ಬಂದಾಗ ಮಾತ್ರ ಕೇಳುವ ಗುರ್‌ಗುರ್ ವೈಪರ್ ಮೋಟಾರಿನದು, ಮಲೆನಾಡಿನವರಿಗೆ ಅದು ಆರು ತಿಂಗಳ ಸಂಗಾತಿ. ಒಂದೊಂದಕ್ಕೂ ಒಂದೊಂದು ಮದ್ದು. ಡಿಸ್ಟ್ರಿಬ್ಯೂಟರಿನ ನಡುತಂತಿಗೆ ಹತ್ತು ಕಿಲೋಓಮಿನ ಸಪ್ರೆಸರ್. ಡೈನಮೋದ ದಪ್ಪ ಟರ್ಮಿನಲ್ಲಿಗೆ ಒಂದು ಮೈಕ್ರೋಫ್ಯಾರಡಿನ ಕಂಡೆನ್ಸರ್. ಪಕ್ಕದ ಸಣ್ಣ ಫೀಲ್ಡ್ ಟರ್ಮಿನಲ್ಲಿಗೆ ಅದನ್ನು ಮುಟ್ಟಿಸಕೂಡದು, ರೆಗ್ಯುಲೇಟರಿನ ಪಾಯಿಂಟುಗಳು ಸುಟ್ಟುಹೋಗುತ್ತವೆ. ಕಾಯಿಲ್ಲಿಗೆ ಇನ್ನೊಂದು ಕಂಡೆನ್ಸರ್, ಅದು ಸ್ವಿಚ್ಚಿನ ಕಡೆಗೆ. ಬಾನೆಟ್ಟಿನಿಂದ ಬಾಡಿಗೆ ಹೆಣೆದ ತಾಮ್ರದ ಪಟ್ಟಿ. ಒಂದೊಂದೇ ಸದ್ದು ಹಿಂದೆ ಸರಿಯುತ್ತ ಹೋಗಿ ಕೊನೆಗೆ ಹಾಡು ಒಂಟಿಯಾಗಿ ನಿಲ್ಲುತ್ತದೆ. ಪೂರ್ತಿ ಒಂಟಿಯಾದರೆ ನನಗೇ ಏನೋ ಕಳೆದುಹೋದಂತೆ ಅನ್ನಿಸುತ್ತದೆ. ಕಿಡಿಯ ಟಿಕ್ ಟಿಕ್ ಒಂದಿಷ್ಟು ಉಳಿದರೆ ಹಾಡಿಗೆ ತಾಳವಿದ್ದ ಹಾಗೆ, ಗಾಡಿ ಬದುಕಿದೆ ಎಂಬ ಭರವಸೆ ಬೇರೆ.

ಹೊಸದು ಮಾಡುವ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಡ್ಯಾಶ್‌ಬೋರ್ಡು ಕೊಯ್ಯಬಾರದು. ಈಗಿನ ಸ್ಟೀರಿಯೋಗೆ ಅಗಲ 180, ಎತ್ತರ 50 ಮಿಲಿಮೀಟರಿನ ಆಯತದ ಕಿಂಡಿ ಬೇಕು. ಹಳೆಯ ಸೆಟ್ಟಿಗೆ ಎರಡು ಗುಂಡಿಗೆ ಎರಡು ತೂತು, ನಡುವೆ ಡಯಲ್ಲಿಗೊಂದು ಕಿಂಡಿ, ಅಷ್ಟೇ. ಆ ಎರಡು ತೂತುಗಳನ್ನು ಸೇರಿಸಿ ಒಂದೇ ಕಿಂಡಿ ಮಾಡಿದರೆ ಉಕ್ಕಿನ ತಗಡು ಮತ್ತೆ ಬೆಳೆಯುವುದಿಲ್ಲ. ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಕೊಡುವ 2021ರ ಕೇಂದ್ರದ ನಿಯಮ ಚಾಸಿ, ಬಾಡಿ, ಎಂಜಿನ್ನುಗಳ ಮೂಲರೂಪವನ್ನು ಕೇಳುತ್ತದೆ. ಡ್ಯಾಶ್‌ಬೋರ್ಡಿನ ಮಾನವನ್ನು ನಾವೇ ಕಾಯಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ನೀಲಿ ಬೆಳಕು ಚೆಲ್ಲುವ ಸೆಟ್ಟುಗಳನ್ನು ನೋಡುವಾಗ ನನಗೆ ಅವುಗಳ ಮೇಲೆ ಸಿಟ್ಟಿಲ್ಲ. ಹೊಸ ಕಾರಿನಲ್ಲಿ ಅವು ಸುಖವಾಗಿರಲಿ. ಅಂಬಾಸಡರಿನ ಹಳದಿ ಮಿಣುಕು ಬಲ್ಬಿನ ಪಕ್ಕದಲ್ಲಿ ಆ ನೀಲಿ ಕಣ್ಣು ಚುಚ್ಚುತ್ತದೆ.

ಹಾಗೆಂದು ಹಳೆಯದನ್ನು ಹಾಗೆಯೇ ಬಿಡುವುದೂ ಆಗದು. ದೇಶದಲ್ಲಿ ಮೀಡಿಯಂ ವೇವ್ ಪ್ರಸಾರಕಗಳು ಒಂದೊಂದಾಗಿ ನಿಲ್ಲುತ್ತಿವೆ. ಮೀಡಿಯಂ ವೇವ್ ಒಂದನ್ನೇ ಬಲ್ಲ ಸೆಟ್ಟು ನಾಳೆ ಬರಿಯ ಗಾಳಿಯನ್ನು ಕೇಳುತ್ತ ಕೂರಬೇಕಾದೀತು. ಅದಕ್ಕೆ ನನ್ನ ದಾರಿ ಇದು. ಇರುವ ಕಿವಿಯನ್ನು ಕೀಳಬಾರದು, ಪಕ್ಕದಲ್ಲಿ ಇನ್ನೊಂದು ಕಿವಿ ಮೂಡಿಸಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಅಂಗೈಗಿಂತ ಚಿಕ್ಕ ಬ್ಲೂಟೂತ್ ಬೋರ್ಡನ್ನು ಸೆಟ್ಟಿನ ಹೊಟ್ಟೆಯೊಳಗೆ ಕೂರಿಸಿ, ಅದರ ದನಿಯನ್ನು ವಾಲ್ಯೂಮ್ ಕಂಟ್ರೋಲಿನ ಬಾಯಿಗೆ ತಂದು ಸೇರಿಸುವುದು. ನಡುವೆ ಒಂದು ಸಣ್ಣ ಟಾಗಲ್ ಸ್ವಿಚ್, ಡ್ಯಾಶ್‌ಬೋರ್ಡಿನ ಕೆಳಗೆ, ಕೈಗೆ ಸಿಗುವಂತೆ, ಕಣ್ಣಿಗೆ ಬೀಳದಂತೆ. ಮೇಲೆ ಒತ್ತಿದರೆ ಫೋನಿನಲ್ಲಿರುವ ಹಾಡು, ಕೆಳಗೆ ಒತ್ತಿದರೆ ಕಬ್ಬಿಣದ ಕಡ್ಡಿ ಹಿಡಿದು ತಂದದ್ದು. ಮುಖ ಅದೇ, ಗುಂಡಿ ಅದೇ, ಒಳಗಿನ ಜ್ಞಾನ ಮಾತ್ರ ಎರಡು ಕಾಲದ್ದು. ಫೋನಿನ ಹಾಡೂ ಹಳೆಯ ಕಾಗದದ ಸ್ಪೀಕರಿನಲ್ಲಿ ಬರುವಾಗ ಅಂಚು ಮೆತ್ತಗಾಗಿ, ಸ್ವಲ್ಪ ಮೂಗಿನಲ್ಲಿ ಹಾಡಿದಂತಾಗಿ, ಗಾಡಿಯ ವಯಸ್ಸಿಗೆ ಒಪ್ಪುವಂತಾಗುತ್ತದೆ.

ಸ್ವಿಚ್ಚನ್ನು ಕೆಳಗೆ ಒತ್ತಬೇಕಾದ್ದು ಕತ್ತಲಾದ ಮೇಲೆ, ಬೆಟ್ಟದ ಮೇಲೆ. ಕೆಮ್ಮಣ್ಣುಗುಂಡಿಯಲ್ಲಿ ತೋಟಗಾರಿಕೆ ಇಲಾಖೆಯ ಹೂದೋಟದ ಆಸುಪಾಸಿನಲ್ಲಿ, 1434 ಮೀಟರ್ ಎತ್ತರದಲ್ಲಿ, ಊರುಗಳ ಚಾರ್ಜರು, ಎಲ್‌ಇಡಿ ದೀಪಗಳ ಗಲಾಟೆ ಬಹುಪಾಲು ಕೆಳಗೇ ಉಳಿದಿರುತ್ತದೆ. ಹಗಲೆಲ್ಲ ಮೀಡಿಯಂ ವೇವನ್ನು ಹೀರಿಕೊಳ್ಳುತ್ತಿದ್ದ ಆಕಾಶದ ಒಂದು ಪದರ ಸೂರ್ಯ ಮುಳುಗಿದೊಡನೆ ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲಕ್ಕೆ ಹೋಗಿ, ಅಲ್ಲಿಂದ ಬಾಗಿ, ದೂರ ದೂರಕ್ಕೆ ಇಳಿಯುತ್ತವೆ. 612ರಲ್ಲಿ ಬೆಂಗಳೂರು, 765ರಲ್ಲಿ ಧಾರವಾಡ ಮೈತುಂಬಿ ಬರುತ್ತಿದ್ದ ರಾತ್ರಿಗಳು. ಭದ್ರಾವತಿಯ 675ಕ್ಕೆ ನೆರೆಯವನು ಕೋಯಿಕ್ಕೋಡಿನ 684. ಹಗಲು ತಮ್ಮ ತಮ್ಮ ಮನೆಯಲ್ಲಿದ್ದವರು ರಾತ್ರಿ ಬೇಲಿಯ ಮೇಲೆ ಒರಗಿ ಮಾತಿಗೆ ನಿಲ್ಲುತ್ತಿದ್ದರು. ಕನ್ನಡದ ವಾರ್ತೆಯ ಅಡಿಯಲ್ಲಿ ಮಲಯಾಳದ ಒಂದು ಹಾಡು ಹರಿಯುವುದು, ವಾರ್ತೆ ಉಸಿರು ತೆಗೆದುಕೊಂಡಲ್ಲೆಲ್ಲ ಹಾಡು ತಲೆಯೆತ್ತುವುದು. ಗುಂಡಿಯನ್ನು ಕೂದಲೆಳೆಯಷ್ಟು ಎಡಕ್ಕೆ ತಿರುಗಿಸಿದರೆ ಹಾಡು ಹೋಗುತ್ತಿತ್ತು. ನಾನು ತಿರುಗಿಸುತ್ತಿರಲಿಲ್ಲ.

ಏರಿಯಲ್ಲಿಗೆ ಸೆಟ್ಟನ್ನು ಹೊಂದಿಸುವ ಟ್ರಿಮ್ಮರ್ ಸ್ಕ್ರೂ ಮುಟ್ಟುವುದಕ್ಕೂ ಇದೇ ಹೊತ್ತು, ಇದೇ ಜಾಗ ಸರಿ. ಏರಿಯಲ್ಲನ್ನು ಪೂರ್ತಿ ಎಳೆದು, ಮುಳ್ಳನ್ನು 140ರ ಹತ್ತಿರ ತಂದು, ಇದೆಯೋ ಇಲ್ಲವೋ ಎನ್ನುವಂಥ ಕ್ಷೀಣವಾದ ಸ್ಟೇಷನ್ನೊಂದನ್ನು ಹುಡುಕಬೇಕು. ಬಲವಾದ ಸ್ಟೇಷನ್ನಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಸೆಟ್ಟಿನ ಪಕ್ಕದ ಸಣ್ಣ ತೂತಿನಲ್ಲಿ ಸ್ಕ್ರೂಡ್ರೈವರ್ ಇಳಿಸಿ ಕಾಲು ಸುತ್ತು, ಅರೆಕಾಲು ಸುತ್ತು ತಿರುಗಿಸಿದರೆ ಯಾವುದೋ ಊರಿನ, ಭಾಷೆ ತಿಳಿಯದ ಮಾತು ಮಂಜಿನಿಂದ ಒಂದು ಹೆಜ್ಜೆ ಮುಂದೆ ಬಂದು ನಿಲ್ಲುತ್ತದೆ. ಅಲ್ಲಿಗೆ ಬಿಡಬೇಕು, ಇನ್ನೂ ತಿರುಗಿಸಿದರೆ ಹಿಂದಕ್ಕೆ ಹೋಗುತ್ತದೆ. ಇನ್ನುಳಿದಿರುವುದು ಸ್ಪೀಕರು. ಮಲೆನಾಡಿನ ತೇವಕ್ಕೆ ಅದರ ಕಾಗದದ ಕೋನ್ ಅಂಚಿನಲ್ಲಿ ಉಬ್ಬಿ, ಮಂದ್ರದ ಸ್ವರ ಬಂದಾಗಲೆಲ್ಲ ಚರಚರ ಎನ್ನುತ್ತಿದೆ. ಕಾಗದ ಒಣಗದೆ ಅಂಟು ಹಿಡಿಯುವುದಿಲ್ಲ, ಹಾಗಾಗಿ ಆ ಕೆಲಸ ದೀಪಾವಳಿ ಕಳೆದ ಮೇಲೆ.