ಅಟ್ಟದ ಗಾಳಿ, ಕೋಣೆಯ ಗಾಳಿ

ಕೊಬ್ಬರಿಯ ವಿಷಯದಲ್ಲಿ ನಮ್ಮ ತೆಂಗಿನ ಸೀಮೆಯವರಿಗೆ ಇರುವ ಎಚ್ಚರವು ಕೊಂಡಾಡತಕ್ಕದ್ದೇ. ತಿಪಟೂರಿನಲ್ಲಾಗಲಿ ತುರುವೇಕೆರೆಯಲ್ಲಾಗಲಿ, ಬಲಿತ ಕಾಯಿಗಳನ್ನು ಅಟ್ಟಕ್ಕೇರಿಸಿ ವರ್ಷದ ಹತ್ತಿರ ಹತ್ತಿರ ಇಡುವರು. ಅಡಿಯಿಂದ ಗಾಳಿಯಾಡಲೆಂದು ಅಟ್ಟಕ್ಕೆ ಸಂದುಗಳನ್ನು ಬಿಡುವರು. ನೀರು ಇಂಗಿ ಗಿಟಕು ಚಿಪ್ಪನ್ನು ಬಿಟ್ಟಿತೋ ಇಲ್ಲವೋ ಎಂಬುದನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ ಹೇಳಬಲ್ಲ ಮುದುಕಿಯರು ಮನೆಮನೆಯಲ್ಲಿಯೂ ಉಂಟು. ಆದರೆ ಅದೇ ಅಟ್ಟದ ಕೆಳಗೆ ಮಕ್ಕಳು ಮಲಗುವ ಕೋಣೆಯಲ್ಲಿ ಗಾಳಿಯು ಹೇಗಿದೆಯೆಂದು ವಿಚಾರಿಸುವವರು ವಿರಳ.

ಈ ಮಾತಿಗೆ ಕಾರಣವಾದುದು ರೇಡಾನ್ ಎಂಬ ಅನಿಲ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಶಿಲೆಗಳಲ್ಲಿ ಅಲ್ಪಸ್ವಲ್ಪವಾಗಿ ಅಡಗಿರುವ ಯುರೇನಿಯಂ ಕ್ಷಯಿಸುತ್ತ ರೇಡಿಯಂ ಆಗಿ, ಆ ರೇಡಿಯಂನಿಂದ ಇದು ಹುಟ್ಟುವುದು. ಸುಮಾರು 3.8 ದಿನಗಳಲ್ಲಿ ಇದರ ಅರ್ಧಭಾಗವು ಅಳಿದರೂ, ಇದರಿಂದ ಜನಿಸುವ ಕಣಗಳು ಧೂಳನ್ನು ಹತ್ತಿ ಶ್ವಾಸಕೋಶವನ್ನು ಸೇರುವುವು. ಬಯಲಿನಲ್ಲಿ ಚದುರಿಹೋಗುವುದು, ನೆಲದ ಬಿರುಕುಗಳಿಂದ ಮುಚ್ಚಿದ ಮನೆಯನ್ನು ಹೊಕ್ಕರೆ ಅಲ್ಲಿಯೇ ಸೇರಿಕೊಳ್ಳುವುದು. ಶ್ವಾಸಕೋಶದ ಅರ್ಬುದಕ್ಕೆ ಧೂಮಪಾನದ ತರುವಾಯ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಬೀಡಿ ಸೇದುವವನಿಗಂತೂ ಅಪಾಯ ಬಹಳ ಹೆಚ್ಚು.

1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ, ಇನ್ನೂ ಕಟ್ಟುತ್ತಿದ್ದ ಒಂದು ಪರಮಾಣು ವಿದ್ಯುದಾಗಾರದೊಳಗೆ ಸ್ಟ್ಯಾನ್ಲಿ ವಾಟ್ರಾಸ್ ಎಂಬ ನೌಕರನು ಕಾಲಿಟ್ಟಾಗಲೇ ಎಚ್ಚರಿಕೆಯ ಯಂತ್ರವು ಕೂಗಿಕೊಂಡಿತು. ಆತನಿಗೆ ಅಂಟಿದ್ದ ವಿಕಿರಣವು ಕಾರ್ಖಾನೆಯದಲ್ಲ, ಆತನ ಸ್ವಂತ ಮನೆಯದು!

ನಮ್ಮ ನೆಲವೋ? ಚಿಕ್ಕನಾಯಕನಹಳ್ಳಿಯ ಕಡೆ ಸುಣ್ಣದಕಲ್ಲು, ಕಬ್ಬಿಣ, ಮ್ಯಾಂಗನೀಸುಗಳ ಶಿಲಾಪಟ್ಟಿಯುಂಟು. ಅಮ್ಮಸಂದ್ರದಲ್ಲಿ ಸಿಮೆಂಟಿನ ಕಾರ್ಖಾನೆ ಹುಟ್ಟಿದುದು ಸುಮ್ಮನಲ್ಲ. ಸುಣ್ಣದಕಲ್ಲಿನಲ್ಲಿ ಯುರೇನಿಯಂ ಸಾಮಾನ್ಯವಾಗಿ ಕಡಿಮೆ. ಆದರೆ ಅದರ ಬಿರುಕುಗಳು ಅನಿಲಕ್ಕೆ ಒಳ್ಳೆಯ ದಾರಿ. ಗ್ರಾನೈಟಿನಲ್ಲಿ ಯುರೇನಿಯಂ ಹೆಚ್ಚು. ತುಮಕೂರು, ಕೋಲಾರ ಮೊದಲಾದ ಜಿಲ್ಲೆಗಳ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಅದು ಮಿತಿಮೀರಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಕಂಡಿದ್ದಾರೆ. ಇಷ್ಟರಿಂದ ನಮ್ಮ ಮನೆಗಳೆಲ್ಲ ವಿಷಮಯವೆಂದು ಹೇಳುವುದು ಅವಿವೇಕ. ಏನೂ ಇಲ್ಲವೆನ್ನುವುದೂ ಅಷ್ಟೇ ಅವಿವೇಕ.

"ನಮ್ಮ ತಾತನವರು ಇದೇ ನೆಲದ ಮೇಲೆ ತೊಂಬತ್ತು ವರ್ಷ ಬಾಳಲಿಲ್ಲವೇ, ಸ್ವಾಮಿ?" ಎಂದು ಮಿತ್ರರೊಬ್ಬರು ಕೇಳಿದರು. ಬಾಳಿದರು, ನಿಜ. ಅವರ ಮನೆಗೆ ತೊಟ್ಟಿಯಿತ್ತು, ಹೆಂಚಿನ ಸಂದುಗಳಿದ್ದುವು, ಗವಾಕ್ಷಿಯಿತ್ತು. ಮಿತ್ರರ ಹೊಸ ಮನೆಗೆ ಕಾಂಕ್ರೀಟಿನ ಮಾಳಿಗೆ. ಸೊಳ್ಳೆಯ ಭಯದಿಂದ ಕಿಟಕಿಗಳನ್ನು ಸಂಜೆಗೇ ಮುಚ್ಚುವರು. ತಾತನವರ ಆಯುಸ್ಸು ಈ ಕೋಣೆಗೆ ಸಾಕ್ಷಿಯಾಗಲಾರದು.

ಅಳೆಯುವುದೊಂದೇ ದಾರಿ. ಫಿಲ್ಮಿನ ತುಣುಕನ್ನು ಒಳಗಿಟ್ಟ ಪುಟ್ಟ ಡಬ್ಬಿಯೊಂದನ್ನು ಮಲಗುವ ಕೋಣೆಯಲ್ಲಿ, ಕಿಟಕಿಗೂ ಒಲೆಗೂ ದೂರವಾಗಿ, ಮೂರು ತಿಂಗಳು ತೂಗುಹಾಕಿ ಪರೀಕ್ಷೆಗೆ ಕಳುಹಿಸಬೇಕು. ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು ಮೈಸೂರಿನ ಮನೆಗಳಲ್ಲಿ ಈ ಅನಿಲವನ್ನು ಅಳೆದಿದ್ದಾರೆ. ನಮ್ಮ ತಾಲ್ಲೂಕುಗಳಿಗೂ ಅಂತಹ ಕಾರ್ಯವು ಬರಬೇಕು. ಘನಮೀಟರಿಗೆ 100 ಬೆಕೆರೆಲ್‌ಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಮಿತಿಯಾಗಿ ಸೂಚಿಸಿತು. ಅದನ್ನು ಮೀರಿದ್ದರೆ ನೆಲದ ಬಿರುಕುಗಳನ್ನು ಮುಚ್ಚಿಸಿ, ಎದುರುಬದುರಿನ ಕಿಟಕಿಗಳನ್ನು ತೆರೆದಿಡಬಹುದು. ಸಾಲದೆಹೋದರೆ ನೆಲದಡಿಯಿಂದ ಮಾಳಿಗೆಯ ಮೇಲಕ್ಕೆ ಕೊಳವೆಯೊಂದನ್ನು ಹಾಯಿಸಿ ಸಣ್ಣ ಫ್ಯಾನನ್ನು ಜೋಡಿಸಬಹುದು.