ಮೊಲಗಳ ಜೋಡಿ

ಅಕ್ಕಲಕೋಟದ ನಮ್ಮ ಮನೆಯಲ್ಲಿ ಮೊಮ್ಮಗಳು ಸಾಕಿದ ಹೆಣ್ಣು ಮೊಲವೊಂದಿತ್ತು. ಒಂಟಿ ಜೀವ ಬೇಸರಪಡುತ್ತದೆಂದು ಸೊಲ್ಲಾಪುರದಿಂದ ಗಂಡೊಂದನ್ನು ತಂದು ನೇರವಾಗಿ ಅದರ ಗೂಡಿನಲ್ಲೇ ಬಿಟ್ಟೆವು. ಕ್ಷಣದಲ್ಲಿ ರೋಮ ಹಾರಿ, ಗಂಡಿನ ಕಿವಿ ಹರಿದು ರಕ್ತ ಬಂತು. ಮೊಮ್ಮಗಳು ಎರಡು ದಿನ ನಮ್ಮೊಡನೆ ಮಾತಾಡಲಿಲ್ಲ. ನಮ್ಮ ಮನೆಯವರು, “ಹೊಸಬರನ್ನ ಒಮ್ಮೆಲೇ ಇನ್ನೊಬ್ಬರ ಖೋಲ್ಯಾಗ ಹೊಗಿಸಿದ್ರ ಹೆಂಗರೀ?” ಎಂದರು. 40 ವರ್ಷ ಗಿರಾಕಿಗಳ ಮುಖ ಓದಿದ ನಮಗೆ ಇಷ್ಟೂ ಹೊಳೆದಿರಲಿಲ್ಲ.

ದನದ ಡಾಕ್ಟರರು ಗಂಡಿಗೆ ಮರಿಯಾಗದಂತೆ ಆಪರೇಶನ್ ಮಾಡಿಸಿರೆಂದರು. ನಮ್ಮ ಮನಸ್ಸು ಒಪ್ಪಲಿಲ್ಲ. ಆದರೆ ಮೊಲ ಸುಮಾರು 31 ದಿನಕ್ಕೇ ಈಯುತ್ತದೆ. ಹಂಚಿದ ಮರಿಗಳು ಯಾರ ಕೈ ಸೇರುತ್ತವೆಂದು ಬಲ್ಲವರಾರು? ಮಾಡಿಸಿದೆವು. ಆಮೇಲೂ ಕೆಲವು ವಾರ ಬೀಜಶಕ್ತಿ ಉಳಿಯುವುದರಿಂದ 6 ವಾರ ಜಾಳಿಗೆಯ ಆಚೆ-ಈಚೆ ಇಟ್ಟು, ವಾಸನೆ ರೂಢಿಯಾಗಲೆಂದು ಹಾಸಿದ ಹುಲ್ಲನ್ನು ಅದಲುಬದಲು ಮಾಡಿದೆವು.

ನಂತರ, ಎರಡೂ ಕಾಲಿಡದ ಜಾಗ ಬೇಕಲ್ಲ! ಅಂಗಡಿಯ ಗೋದಾಮಿನಲ್ಲಿ ಬಟ್ಟೆಯ ಥಾನುಗಳನ್ನು ಸರಿಸಿ, ಬೆಳಿಗ್ಗೆ 10 ನಿಮಿಷ ಕೂಡಿ ಬಿಟ್ಟೆವು. ಅಟ್ಟಿಸಿಕೊಂಡು ಹೋದರೆ ಸುಮ್ಮನಿರುವುದು, ಕಚ್ಚಲು ಹೋದರೆ ದಪ್ಪ ಟವೆಲ್ ಅಡ್ಡ ಹಿಡಿಯುವುದು. 18ನೆಯ ದಿನ ಹೆಣ್ಣು ತಾನಾಗಿ ಬಂದು ಗಂಡಿನ ಮುಂದೆ ತಲೆ ತಗ್ಗಿಸಿತು. ಗಂಡು ಅದರ ಹಣೆ ನೆಕ್ಕಿತು. ಅಂದು ನಮ್ಮ ಅಂಗಡಿ ಒಂದು ತಾಸು ತಡವಾಗಿ ತೆರೆಯಿತು.