ಹಸಿ ವಾಸನೆ

ಪೋರ್ಟ್‌ಲ್ಯಾಂಡಿನ ಜನವರಿಯಲ್ಲಿ ದೋಸೆ ಹಿಟ್ಟು ಸುಲಭಕ್ಕೆ ಹುದುಗುವುದಿಲ್ಲ. ರಾತ್ರಿ ರುಬ್ಬಿಟ್ಟದ್ದು ಬೆಳಿಗ್ಗೆಯೂ ಹಾಗೇ ಇತ್ತು. ಹಾಸನಕ್ಕೆ ಫೋನ್ ಮಾಡಿದೆ. “ಹಿಟ್ಟಿಗೆ ಚಳಿ ಆಗಿದೆ ಕಣೋ. ಬೆಚ್ಚಗಿರೋ ಕಡೆ ಇಡು. ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡ್ಬೇಡ” ಅಂದಳು ಅಮ್ಮ. ಪಾತ್ರೆಯನ್ನು ದೀಪ ಹಾಕಿದ ಓವನ್ನಿನೊಳಗೆ ಇಡುತ್ತಿದ್ದಾಗ ಗ್ಯಾರೇಜಿನ ನೆನಪಾಯಿತು. ನಾನೇ ಮಾಡಿದ ಬಿಯರಿನ 48 ಬಾಟಲಿಗಳು ಅಲ್ಲಿ ಅದೇ ಚಳಿಯಲ್ಲಿ ಕೂತಿದ್ದವು.

ತುಂಬಿಸಿ ಎರಡು ವಾರವಾಗಿತ್ತು. ಹಿಂದಿನ ಸಂಜೆ ಒಂದನ್ನು ತೆಗೆದರೆ ಬುಸ್ಸೆನ್ನಲಿಲ್ಲ, ನೊರೆಯಿಲ್ಲ. ಬಾಯಿಗೆ ಹಸಿ ಸೇಬಿನ ರುಚಿ.

ಮನೆಯ ಬಿಯರಿಗೆ ಗುಳ್ಳೆ ಬರುವುದು ಬಾಟಲಿಯೊಳಗೇ. ಹುದುಗುವಿಕೆ ಮುಗಿದ ಬಿಯರಿಗೆ ತುಂಬಿಸುವ ದಿನ ಸ್ವಲ್ಪ ಸಕ್ಕರೆ ಬೆರೆಸುತ್ತೇವೆ. ಉಳಿದ ಯೀಸ್ಟ್ ಅದನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಮುಚ್ಚಳ ಬಿಗಿದಿರುವುದರಿಂದ ಅನಿಲ ಬಿಯರಿನಲ್ಲೇ ಕರಗುತ್ತದೆ. ಲೀಟರಿಗೆ 6 ಗ್ರಾಂ ಲೆಕ್ಕದಲ್ಲಿ 19 ಲೀಟರಿಗೆ 114 ಗ್ರಾಂ ಸಕ್ಕರೆ ಸಾಕು. ಆಮೇಲೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎರಡು ಮೂರು ವಾರ. ಗ್ಯಾರೇಜಿನಲ್ಲಿ 10 ಡಿಗ್ರಿ ಇತ್ತು. ಆ ಚಳಿಗೆ ನನ್ನ ಏಲ್ ಯೀಸ್ಟ್ ಮುದುಡಿ ತಳ ಹಿಡಿದಿತ್ತು. ಗುಳ್ಳೆಯಿಲ್ಲವೆಂದು ಇನ್ನೊಂದು ಚಮಚ ಸಕ್ಕರೆ ಹಾಕಿದ್ದರೆ, ಬೇಸಿಗೆ ಬಂದು ಯೀಸ್ಟ್ ಎದ್ದ ದಿನ ಬಾಟಲಿಗಳು ಸಿಡಿಯುತ್ತಿದ್ದವು. ಸಿಡಿದ ಗಾಜು ಕಣ್ಣು ಕಳೆಯಬಲ್ಲದು.

ಬಿಯರ್ ಮಾಡುವುದು ಇಲ್ಲಿ ಮನೆಯ ಹವ್ಯಾಸ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ವಯಸ್ಕನೊಬ್ಬ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್, ಸ್ವಂತಕ್ಕೆ ತೆರಿಗೆಯಿಲ್ಲದೆ ಮಾಡಿಕೊಳ್ಳಲು ಬಿಟ್ಟಿತು. ನಮ್ಮೂರಲ್ಲಿ ಹಾಗಲ್ಲ, ಪರವಾನಗಿಯಿಲ್ಲದೆ ಮಾಡಿದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಈ ಕೆಲಸವನ್ನು ಕಲಿತದ್ದು ಇಲ್ಲಿಗೆ ಬಂದಮೇಲೆ. ಆದರೆ ಇದಕ್ಕೆ ಬೇಕಾದ ಮೂಗನ್ನು ಹಾಸನದ ಅಡುಗೆಮನೆಯಿಂದಲೇ ತಂದಿದ್ದೆ.

ಉಪ್ಪಿನಕಾಯಿ ಭರಣಿಯ ವಿಷಯವನ್ನೇ ನೋಡಿ. ಒಂದು ಭರಣಿ ಮಾತ್ರ ಬೂಷ್ಟು ಹಿಡಿದರೆ ಅಮ್ಮ ಒದ್ದೆ ಸೌಟು ಹಾಕಿದ್ದು ಯಾರೆಂದು ಕೇಳುತ್ತಿದ್ದಳು. ಎಲ್ಲ ಭರಣಿಗಳೂ ಕೆಟ್ಟರೆ ಉಪ್ಪಿನ ಅಳತೆಯನ್ನು ನೆನಪಿಸಿಕೊಳ್ಳುತ್ತಿದ್ದಳು. ನೊರೆ ಉಕ್ಕಿ ಚೆಲ್ಲುವ ಬಿಯರಿಗೂ ಇದೇ ವಿಚಾರಣೆ. ಒಂದೇ ಬಾಟಲಿ ಉಕ್ಕಿದರೆ ಅದರ ತಳದಲ್ಲಿ ಕೊಳೆ ಉಳಿದಿರಬೇಕು. ಕೆಲವು ಉಕ್ಕಿ ಕೆಲವು ಸಪ್ಪೆಯಾದರೆ ಸಕ್ಕರೆ ಸಮನಾಗಿ ಬೆರೆತಿಲ್ಲ. ಎಲ್ಲವೂ ಉಕ್ಕಿದರೆ ಸಕ್ಕರೆ ಹೆಚ್ಚಾಗಿರಬೇಕು, ಹುದುಗುವಿಕೆ ಮುಗಿಯುವ ಮೊದಲೇ ತುಂಬಿಸಿರಬೇಕು, ಇಲ್ಲವೇ ಕಾಡು ಯೀಸ್ಟ್ ಸೇರಿರಬೇಕು. ಉಳಿದ ಸಕ್ಕರೆಯ ಅಂದಾಜು ಕೊಡುವ ಹೈಡ್ರೋಮೀಟರಿನ ಅಂಕಿ ಮೂರು ದಿನ ಒಂದೇ ಕಡೆ ನಿಂತಮೇಲೆ ತುಂಬಿಸುವುದು ಕ್ಷೇಮ.

ಇನ್ನು ರುಚಿ. ಹುದುಗಿಸುವ ಮೊದಲು ಬಾರ್ಲಿಯ ರಸವನ್ನು ಮುಚ್ಚಳ ಹಾಕಿ ಕುದಿಸಿದರೆ ಬೆಂದ ಕೋಸಿನ ವಾಸನೆ ಬಿಯರಿನಲ್ಲೇ ನಿಲ್ಲುತ್ತದೆ. ತೆರೆದಿಟ್ಟು ಒಂದು ಗಂಟೆ ಚೆನ್ನಾಗಿ ಕುದಿಸಿದರೆ ಆವಿಯೊಡನೆ ಹೋಗುತ್ತದೆ. ನಲ್ಲಿ ನೀರಿನ ಕ್ಲೋರಿನ್ ಆಸ್ಪತ್ರೆ ವಾಸನೆ ತರುತ್ತದೆ. ತುಂಬಿಸುವಾಗ ಎತ್ತರದಿಂದ ಸುರಿದು ಗಾಳಿ ಸೇರಿಸಿದರೆ ದಿನ ಕಳೆದಂತೆ ನೆನೆದ ರಟ್ಟಿನ ಮುಗ್ಗಲು ಬರುತ್ತದೆ, ಅದಕ್ಕೆ ಮದ್ದಿಲ್ಲ. ಬಿಸಿಲು ತಾಗಿದರೆ ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಒಡೆದು ಗಬ್ಬು ನಾರುತ್ತದೆ. ಬಿಯರಿಗೆ ಕಂದು ಬಾಟಲಿಯೇ ಒಳ್ಳೆಯದೆನ್ನುವುದು ಅದಕ್ಕೇ.

ಹಸಿ ಸೇಬಿನ ರುಚಿ ಮಾತ್ರ ಬೇರೆ ಜಾತಿಯದು. ಅದು ಅಸಿಟಾಲ್ಡಿಹೈಡ್, ಸಕ್ಕರೆ ಮದ್ಯಸಾರವಾಗುವ ದಾರಿಯಲ್ಲಿ ಹುಟ್ಟುವ ವಸ್ತು. ಯೀಸ್ಟಿಗೆ ಬಿಸುಪೂ ಸಮಯವೂ ಸಿಕ್ಕರೆ ತಾನೇ ಅದನ್ನು ಮದ್ಯಸಾರ ಮಾಡಿ ಮುಗಿಸುತ್ತದೆ. ಬೆಣ್ಣೆಯ ವಾಸನೆ ಕೊಡುವ ಡೈಅಸಿಟೈಲ್ ಕೂಡ ಹೀಗೇ ಇಳಿಯುತ್ತದೆ. ಇಳಿಯದೆ ಹುಳಿಯೂ ಏರುತ್ತಾ ಹೋದರೆ ಬ್ಯಾಕ್ಟೀರಿಯಾ ಸೇರಿದೆ ಎಂದು ತಿಳಿದು ಚೆಲ್ಲಬೇಕು. ಸಾರು ಕುದಿಯುವಾಗ ಅಮ್ಮ “ಇನ್ನೂ ಹಸಿ ವಾಸನೆ ಹೋಗಿಲ್ಲ” ಅನ್ನುತ್ತಿದ್ದಳಲ್ಲ, ಅದಕ್ಕಿಂತ ಸರಿಯಾದ ಮಾತನ್ನು ಈ ದೋಷಕ್ಕೆ ನಾನು ಬೇರೆಲ್ಲೂ ಕೇಳಿಲ್ಲ. ಹಸಿ ವಾಸನೆಯೆಂದರೆ ಕೆಟ್ಟ ವಾಸನೆಯಲ್ಲ, ಕೆಲಸ ಇನ್ನೂ ಬಾಕಿಯಿದೆ ಎಂದು ಅರ್ಥ. ಕೆಟ್ಟದ್ದು ಯಾವುದು, ಹಸಿಯಾದದ್ದು ಯಾವುದು ಎಂದು ತಿಳಿದವನು ಒಳ್ಳೆಯ ಬಿಯರನ್ನು ಮೋರಿಗೆ ಸುರಿಯುವುದಿಲ್ಲ.

ಬಾಟಲಿಗಳನ್ನು ಒಳಗಿನ ಬೆಚ್ಚನೆಯ ಬೀರುವಿಗೆ ಸಾಗಿಸಿದೆ. ಒಂದೊಂದನ್ನೂ ತಲೆಕೆಳಗೆ ಮಾಡಿ, ತಳದ ಯೀಸ್ಟ್ ಕದಡಿ, ಮತ್ತೆ ನೆಟ್ಟಗೆ ನಿಲ್ಲಿಸಿದೆ. ಮೂರು ವಾರ ಬೀರುವಿನ ಬಾಗಿಲು ತೆಗೆಯಲಿಲ್ಲ. ಫೆಬ್ರುವರಿಯ ಒಂದು ಭಾನುವಾರ ಮುಚ್ಚಳ ಎಬ್ಬಿಸಿದಾಗ ಬುಸ್ಸೆಂದಿತು. ಲೋಟದಲ್ಲಿ ಎರಡು ಬೆರಳು ನೊರೆ ನಿಂತಿತು. ಮೂಸಿ ನೋಡಿದೆ. ಹಸಿ ವಾಸನೆ ಹೋಗಿತ್ತು.